ಟಂಕಸಾಲೆಯ ತಪ್ಪೋ, ಯಾರದೋ ಕೈಕೆಲಸವೋ: ಎರರ್ ನಾಣ್ಯವನ್ನು ಪರೀಕ್ಷಿಸುವ ಕ್ರಮ

ನಾಣ್ಯ ಸಂಗ್ರಹ ಶುರು ಮಾಡಿದ ಗೆಳೆಯರು ನನಗೆ ಫೋಟೊ ಕಳಿಸುತ್ತಿರುತ್ತಾರೆ. ಪ್ರತಿ ಫೋಟೊ ಕೆಳಗೂ ಒಂದೇ ಪ್ರಶ್ನೆ: 'ಇದು ಎರರ್ ಅಲ್ವಾ?' ಎರರ್ ಅಂದರೆ ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದ ನಾಣ್ಯ. ಬಂದವುಗಳಲ್ಲಿ ಬಹುಪಾಲು ಅದಲ್ಲ. ಸುತ್ತಿಗೆ ಏಟು, ಆಸಿಡ್, ಗ್ರೈಂಡಿಂಗ್ ಕಲ್ಲು, ಇಲ್ಲವೇ ಬರೀ ಸವೆತ. ಕೆಲವರು ಅಷ್ಟರೊಳಗೆ ದುಡ್ಡು ಕೊಟ್ಟು ಮುಗಿಸಿರುತ್ತಾರೆ.

ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ನಾಣ್ಯ ವಿಚಿತ್ರವಾಗಿ ಕಂಡ ಕೂಡಲೇ ಅದರಂಥದ್ದೇ ಚಿತ್ರ ಹುಡುಕಲು ಹೊರಡುತ್ತಾರೆ. ಚಿತ್ರ ಸ್ವಲ್ಪ ಹೋಲಿದರೆ ಸಾಕು, ಪರೀಕ್ಷೆ ಅಲ್ಲಿಗೇ ಮುಗಿಯಿತು. ನಾನು ಬೆಂಗಳೂರಿನ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ, ಅಂದರೆ ಲೋಹದ ಪಟ್ಟಿಯಿಂದ ಬಿಡಿಭಾಗ ಪಂಚ್ ಮಾಡುವ ಕಾರ್ಖಾನೆಯಲ್ಲಿ, ಹಲವು ವರ್ಷ ವಾಷರ್ ಹೊಡೆಸಿದವನು. ಅಲ್ಲಿ ಕೆಟ್ಟ ಪೀಸ್ ಕೈಗೆ ಬಂದರೆ ಕೇಳುವ ಪ್ರಶ್ನೆಯೇ ಬೇರೆ: ಇದು ಯಾವ ಮೆಷಿನ್ನಿನಲ್ಲಿ, ಯಾವ ಹೊತ್ತಿನಲ್ಲಿ ಕೆಟ್ಟಿತು? ನಾಣ್ಯಕ್ಕೂ ಅದನ್ನೇ ಕೇಳಬೇಕು. ಟಂಕಸಾಲೆಯ ಯಾವ ಮೆಷಿನ್ನೂ ಮಾಡಲಾಗದ ಗಾಯ ನಾಣ್ಯದ ಮೇಲಿದ್ದರೆ, ಅದು ಹೊರಗೆ ಆದದ್ದು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮಧ್ಯದಿಂದ ಶುರು ಮಾಡಿದರೆ ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೀರಿ.

## ಕೈಯಲ್ಲಿ ಇರಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಒಂದು ಬೇಕು. ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಇಪ್ಪತ್ತು, ಮೂವತ್ತು ಪಟ್ಟಿನದ್ದು ಬೇಡ. ಅದರಲ್ಲಿ ಪ್ರತಿ ಗೀರೂ ಕಾಲುವೆಯಂತೆ ಕಂಡು, ಇಲ್ಲದ ಎರರ್ ಎಲ್ಲ ಕಾಣತೊಡಗುತ್ತದೆ.

ಎರಡನೆಯದು 0.01 ಗ್ರಾಂವರೆಗೆ ತೋರಿಸುವ ಪುಟ್ಟ ತೂಕದ ಯಂತ್ರ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ಅಡುಗೆಮನೆಯ ತೂಕದ ಯಂತ್ರ ಇಲ್ಲಿ ಪ್ರಯೋಜನಕ್ಕಿಲ್ಲ, ಅದು ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಜೊತೆಗೆ ಅಗಲ, ದಪ್ಪ ಅಳೆಯಲು ಒಂದು ವರ್ನಿಯರ್. ಪ್ಲಾಸ್ಟಿಕ್ ಬಾಯಿಯದ್ದಾದರೆ ನಾಣ್ಯಕ್ಕೆ ಗೀರು ಬೀಳುವುದಿಲ್ಲ. ಫ್ರಿಜ್ ಬಾಗಿಲಿನ ಅಯಸ್ಕಾಂತ, ಕತ್ತು ಬಗ್ಗುವ ಟೇಬಲ್ ಲ್ಯಾಂಪ್ ಮನೆಯಲ್ಲೇ ಇರುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅದೇ ಸರಣಿಯ, ಅಂದರೆ ಅದೇ ಬೆಲೆ, ವಿನ್ಯಾಸ, ಅಳತೆಯ ಒಂದು ಒಳ್ಳೆ ನಾಣ್ಯ. ಅಂಗಡಿ ಚಿಲ್ಲರೆಯಲ್ಲೇ ಸಿಗುವಂಥದ್ದು. ಪಕ್ಕದಲ್ಲಿ ಒಳ್ಳೇದು ಇಲ್ಲದೆ ಕೆಟ್ಟದ್ದನ್ನು ಅಳೆಯಲು ಹೋಗಬೇಡಿ. ನಮ್ಮ ಶಾಪಿನಲ್ಲಿ ಇದಕ್ಕೆ ಮಾಸ್ಟರ್ ಪೀಸ್ ಅನ್ನುತ್ತಿದ್ದೆವು.

## ಹಂತ 1: ತೊಳೆಯಬೇಡಿ

ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ಹೊಳಪಿಸುವ ಪುಡಿ, ಟೂತ್‌ಪೇಸ್ಟ್ ಯಾವುದೂ ಬೇಡ. ಒಳ್ಳೆ ಎರರ್ ನಾಣ್ಯವನ್ನು ತಿಕ್ಕಿದರೆ ಸಾಕ್ಷಿಯೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಮೇಲಿನ ಹೊಳಪು ಒಂದೇ ಸಮ ಇದೆಯೇ, ಗಾಯದ ಒಳಗೂ ಹೊರಗಿನಷ್ಟೇ ಹಳೆಯ ಬಣ್ಣ ಇದೆಯೇ ಎಂಬುದು ನಮಗೆ ಮುಂದೆ ಬೇಕು. ಹೊಸ ಗಾಯದೊಳಗೆ ಲೋಹ ಬೆಳ್ಳಗೆ ಮಿನುಗುತ್ತದೆ. ತಿಕ್ಕಿದ ಮೇಲೆ ಎಲ್ಲವೂ ಮಿನುಗುತ್ತದೆ, ಆಗ ಏನು ನೋಡುತ್ತೀರಿ?

ಮಣ್ಣು ಮೆತ್ತಿದ್ದರೆ ಸುಮ್ನೆ ನೀರಿನಲ್ಲಿ ಅದ್ದಿ ಮೆತ್ತನೆ ಬಟ್ಟೆಯ ಮೇಲಿಟ್ಟು ಒಣಗಿಸಿ. ಒರೆಸಬೇಡಿ. ನಾಣ್ಯವನ್ನು ಹಿಡಿಯುವುದು ಪಕ್ಕದಲ್ಲಿ, ಮುಖದ ಮೇಲೆ ಬೆರಳು ಬೇಡ.

## ಹಂತ 2: ನಾಣ್ಯ ಹುಟ್ಟುವ ದಾರಿಯನ್ನು ಮನಸ್ಸಿಗೆ ತಂದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ನಾಣ್ಯ ಆಗುವ ಕ್ರಮ ಹೀಗೆ. ಲೋಹದ ಉದ್ದ ಪಟ್ಟಿಯಿಂದ ಬಿಲ್ಲೆಗಳನ್ನು ಪಂಚ್ ಮಾಡುತ್ತಾರೆ. ಬಿಲ್ಲೆಗಳನ್ನು ಕಾಯಿಸಿ ಮೆದು ಮಾಡುತ್ತಾರೆ, ಅಂಚನ್ನು ಒತ್ತಿ ಸ್ವಲ್ಪ ಎಬ್ಬಿಸುತ್ತಾರೆ. ಆಮೇಲೆ ಬಿಲ್ಲೆ ಎರಡು ಅಚ್ಚುಗಳ ನಡುವೆ ಬರುತ್ತದೆ. ಸುತ್ತ ಕಾಲರ್ ಎಂಬ ಉಕ್ಕಿನ ಬಳೆ ಇರುತ್ತದೆ. ಒಂದೇ ಹೊಡೆತಕ್ಕೆ ಎರಡೂ ಬದಿಯ ಚಿತ್ರ ಮೂಡುತ್ತದೆ. ಕಾಲರ್ ಲೋಹವನ್ನು ಹೊರಗೆ ಹರಡದಂತೆ ತಡೆದು ಅಳತೆ ಕೊಡುತ್ತದೆ, ಪಕ್ಕದ ಗೆರೆಗಳಿದ್ದರೆ ಅವನ್ನೂ ಕೊಡುತ್ತದೆ.

ಹಾಗಾದರೆ ತಪ್ಪು ಆಗಬಹುದಾದ ಜಾಗ ಮೂರೇ: ಬಿಲ್ಲೆ, ಅಚ್ಚು, ಹೊಡೆತ. ಬಿಲ್ಲೆಯಲ್ಲಿ ತಪ್ಪಿದ್ದರೆ ಅದು ಹೊಡೆತಕ್ಕೆ ಮುಂಚಿನದು, ಅದರ ಮೇಲೆ ಚಿತ್ರ ಆಮೇಲೆ ಕೂತಿರುತ್ತದೆ. ಅಚ್ಚು ಒಡೆದಿದ್ದರೆ ಒಡೆದ ಸಂದಿಗೆ ಲೋಹ ನುಗ್ಗಿ ನಾಣ್ಯದ ಮೇಲೆ ಉಬ್ಬು ಬರುತ್ತದೆ. ಹೊಡೆತ ತಪ್ಪಿದ್ದರೆ ಸಾಮಾನ್ಯವಾಗಿ ಎರಡೂ ಬದಿ ಒಟ್ಟಿಗೆ ತಪ್ಪಿರುತ್ತದೆ. ಈ ಮೂರು ಮಾತು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆಯಿತು.

## ಹಂತ 3: ಅದು ಮಾಮೂಲಿ ನಾಣ್ಯವೇ ಇರಬಹುದು

ತೂಕದ ಯಂತ್ರ ತೆಗೆಯುವ ಮುಂಚೆ ಸರಣಿ ಯಾವುದು ನೋಡಿ. ನನಗೆ ಬರುವ 'ಎರರ್'ಗಳಲ್ಲಿ ಎಷ್ಟೋ ಇಲ್ಲೇ ಉದುರಿ ಹೋಗುತ್ತವೆ.

'ವರ್ಷದ ಕೆಳಗೆ ಗುರುತೇ ಇಲ್ಲ, ಬಿಟ್ಟುಹೋಗಿದೆ' ಅನ್ನುತ್ತಾರೆ. ಇಲ್ಲ. ಮುಂಬೈ ಟಂಕಸಾಲೆ ವಜ್ರದಾಕಾರ ಹಾಕುತ್ತದೆ, ಹೈದರಾಬಾದ್ ನಕ್ಷತ್ರ, ನೋಯ್ಡಾ ಚುಕ್ಕೆ. ಕೋಲ್ಕತ್ತ ಏನನ್ನೂ ಹಾಕುವುದಿಲ್ಲ. ಗುರುತಿಲ್ಲ ಅಂದರೆ ಕೋಲ್ಕತ್ತದ ನಾಣ್ಯ, ಅಷ್ಟೇ.

'ಐದು ರೂಪಾಯಿ ಸ್ಟೀಲಿನಲ್ಲಿ ಬಂದಿದೆ, ಬೇರೆ ಲೋಹದ ಎರರ್' ಎಂಬುದು ಇನ್ನೊಂದು. 2007ರ ಸುಮಾರಿಗೆ ಐದು ರೂಪಾಯಿಯನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಹೊಡೆದಿದ್ದರು. ಹತ್ತು ರೂಪಾಯಿಯಲ್ಲಿ ಕಿರಣಗಳು 15 ಇರುವುದೂ ಉಂಟು, 10 ಇರುವುದೂ ಉಂಟು. ₹ ಚಿಹ್ನೆ ಇರುವುದು, ಇಲ್ಲದ್ದು ಎರಡೂ ಸರಿ. ಹತ್ತು ರೂಪಾಯಿಯ 14 ವಿನ್ಯಾಸಗಳು ಚಲಾವಣೆಯಲ್ಲಿವೆ, ಎಲ್ಲವೂ ಸಲ್ಲುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿತ್ತು. ಆದರೂ ನಮ್ಮ ಬೀದಿಯ ಕೆಲವು ಅಂಗಡಿಯವರು 'ಇದು ನಡೆಯಲ್ಲ ಸಾರ್' ಅನ್ನುವುದು ನಿಂತಿಲ್ಲ, ಅದು ಬೇರೆ ಕಥೆ.

ನಡುವೆ ತೂತಿರುವ ತಾಮ್ರದ ಕಾಸು ಸಿಕ್ಕರೆ ವರ್ಷ ನೋಡಿ. 1943ರಿಂದ 1947ರವರೆಗಿನ ಒಂದು ಪೈಸೆಗೆ ತೂತು ಹುಟ್ಟಿನಿಂದಲೇ ಇದೆ. ಬೇರೆ ನಾಣ್ಯದ ತೂತು ಸಾಮಾನ್ಯವಾಗಿ ಕೊರಳಿಗೆ ಕಟ್ಟಿದ್ದೋ, ದೇವಸ್ಥಾನದ ಹೊಸಿಲಿಗೆ ಮೊಳೆ ಹೊಡೆದಿದ್ದೋ ಆಗಿರುತ್ತದೆ.

## ಹಂತ 4: ತೂಕ, ಅಗಲ, ಅಯಸ್ಕಾಂತ

ಮೊದಲು ಒಳ್ಳೆ ನಾಣ್ಯವನ್ನು ತೂಗಿ. ಅದರ ತೂಕ ಸರಿ ಬಂದರೆ ಯಂತ್ರ ಸರಿ ಇದೆ. ಆಮೇಲೆ ಅನುಮಾನದ ನಾಣ್ಯ. ಪದೇ ಪದೇ ಬೇಕಾಗುವ ಅಳತೆಗಳು ಇವು:

1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ 25 ಮಿ.ಮೀ., 4.85 ಗ್ರಾಂ. 2011ರ ಸರಣಿಯ ಒಂದು ರೂಪಾಯಿ ಸುಮಾರು 22 ಮಿ.ಮೀ., 3.79 ಗ್ರಾಂ. ಅದೇ ಸರಣಿಯ ಎರಡು ರೂಪಾಯಿ 25 ಮಿ.ಮೀ., 4.85 ಗ್ರಾಂ. ಹಳೆಯ ದಪ್ಪ ಐದು ರೂಪಾಯಿ 23 ಮಿ.ಮೀ., 9 ಗ್ರಾಂ. ಆಮೇಲಿನ ಹಳದಿ ಐದು ರೂಪಾಯಿ 23 ಮಿ.ಮೀ., 6 ಗ್ರಾಂ. 2011ರ ಹತ್ತು ರೂಪಾಯಿ 27 ಮಿ.ಮೀ., 7.71 ಗ್ರಾಂ. ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿ 27 ಮಿ.ಮೀ., 8.54 ಗ್ರಾಂ.

ಸಣ್ಣ ಹೆಚ್ಚುಕಡಿಮೆ ಎಲ್ಲ ನಾಣ್ಯದಲ್ಲೂ ಇರುತ್ತದೆ. 0.05 ಗ್ರಾಂ ವ್ಯತ್ಯಾಸಕ್ಕೆ ಕುಣಿದಾಡಬೇಡಿ. ಇನ್ನೊಂದು ತಮಾಷೆ ನೋಡಿ: ಹಳೆಯ ಒಂದು ರೂಪಾಯಿಯೂ 2011ರ ಎರಡು ರೂಪಾಯಿಯೂ ಅಳತೆ, ತೂಕ, ಲೋಹ ಮೂರರಲ್ಲೂ ಒಂದೇ. 'ಒಂದು ರೂಪಾಯಿ ಬಿಲ್ಲೆ ಮೇಲೆ ಎರಡು ರೂಪಾಯಿ ಹೊಡೆದಿದ್ದು' ಎಂದು ಯಾರಾದರೂ ಮಾರಲು ಬಂದರೆ, ಅದನ್ನು ತೂಗಿ ಸಾಬೀತು ಮಾಡುವ ದಾರಿಯೇ ಇಲ್ಲ.

ಅಯಸ್ಕಾಂತಕ್ಕೆ ನಮ್ಮ ಸ್ಟೀಲ್ ನಾಣ್ಯ ಅಂಟುತ್ತದೆ. ತಾಮ್ರ ನಿಕ್ಕಲ್ ಬೆರೆತ ದಪ್ಪ ಐದು ರೂಪಾಯಿ, ಹಳದಿ ಐದು ರೂಪಾಯಿ, ಹಳೆಯ ಅಲ್ಯೂಮಿನಿಯಂ ಪೈಸೆಗಳು ಅಂಟುವುದಿಲ್ಲ. ತಾಮ್ರದ ಬಣ್ಣದ ಒಂದು ರೂಪಾಯಿ ಗಟ್ಟಿಯಾಗಿ ಅಂಟಿಕೊಂಡು ತೂಕವೂ 4.85 ಬಂದರೆ, ಅದು ಸ್ಟೀಲಿನ ಮೇಲೆ ಯಾರೋ ಮಾಡಿದ ಲೇಪ.

ಲೋಹವೇ ಬೇರೆ ಎಂಬ ಅನುಮಾನ ಗಟ್ಟಿಯಾಗಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ತೂಕದ ಯಂತ್ರದ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ. ಈಗ ಯಂತ್ರ ತೋರಿಸುವ ಗ್ರಾಂ, ನಾಣ್ಯ ಆಕ್ರಮಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿ. ತಾಮ್ರ ನಿಕ್ಕಲ್ ಆದರೆ 8.9ರ ಹತ್ತಿರ, ಸ್ಟೀಲ್ ಆದರೆ 7.7ರ ಹತ್ತಿರ, ಅಲ್ಯೂಮಿನಿಯಂ ಆದರೆ 2.7ರ ಹತ್ತಿರ ಬರುತ್ತದೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ. ಮೂರು ಸಲ ಮಾಡಿ.

## ಹಂತ 5: ಓರೆ ಬೆಳಕಿನಲ್ಲಿ ಉಬ್ಬೋ ತಗ್ಗೋ ನೋಡಿ

ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಟೇಬಲ್ ಲ್ಯಾಂಪನ್ನು ಬಗ್ಗಿಸಿ, ಬೆಳಕು ನಾಣ್ಯದ ಮೇಲೆ ಪಕ್ಕದಿಂದ ಜಾರುವಂತೆ ಇಡಿ. ನಾಣ್ಯವನ್ನು ನಿಧಾನ ತಿರುಗಿಸುತ್ತ ಹೋಗಿ. ಅಕ್ಷರದ ನೆರಳು ಯಾವ ಕಡೆ ಬೀಳುತ್ತದೆಯೋ, ಅನುಮಾನದ ಗೆರೆಯ ನೆರಳೂ ಅದೇ ಕಡೆ ಬಿದ್ದರೆ ಅದು ಉಬ್ಬು. ತಿರುಗುಮುರುಗಾಗಿ ಬಿದ್ದರೆ ತಗ್ಗು.

ಉಬ್ಬಿದ ಗೆರೆ ಅಂದರೆ ಅಚ್ಚಿನಲ್ಲಿ ಬಿರುಕಿತ್ತು ಅಂತ. ಹೊರಗಿನವರು ನಾಣ್ಯದ ಮೇಲೆ ಲೋಹ ಏರಿಸಿ ಅಂಥ ತೆಳು ಉಬ್ಬು ಮಾಡುವುದು ಸುಲಭವಲ್ಲ. ತಗ್ಗಿದ ಗೆರೆ ಹೆಚ್ಚಿನ ಸಲ ಗೀರು. ಗೀರಿನ ಎರಡೂ ಅಂಚಿನಲ್ಲಿ ಲೋಹ ಎದ್ದು ಸಣ್ಣ ಏರಿ ನಿಂತಿರುತ್ತದೆ, ನೇಗಿಲು ಹೋದ ಸಾಲಿನಂತೆ. ಲೂಪಿನಲ್ಲಿ ಆ ಏರಿ ಕಂಡರೆ ಅನುಮಾನವೇ ಬೇಡ.

ತಗ್ಗಿನಲ್ಲಿ ಎರಡು ಅಪವಾದ ಉಂಟು. ಹೊಡೆಯುವಾಗ ಅಚ್ಚಿಗೂ ಬಿಲ್ಲೆಗೂ ನಡುವೆ ದಾರವೋ, ತಂತಿಯೋ, ಲೋಹದ ಚೂರೋ ಸಿಕ್ಕಿಕೊಂಡರೆ ಅದರ ಗುರುತು ತಗ್ಗಾಗಿ ಮೂಡುತ್ತದೆ. ಆದರೆ ಆ ತಗ್ಗಿನ ಅಂಚು ನಯವಾಗಿರುತ್ತದೆ, ಏರಿ ಇರುವುದಿಲ್ಲ. ಎರಡನೆಯದು ಬಿಲ್ಲೆಯ ಮೇಲ್ಪದರ ಸಿಪ್ಪೆಯಂತೆ ಎದ್ದುಹೋಗುವುದು. ಅಲ್ಲಿ ತಳ ಒರಟಾಗಿ, ಉದ್ದುದ್ದ ನಾರಿನಂತೆ ಕಾಣುತ್ತದೆ.

ಅಕ್ಷರ ಕಾಣೆಯಾದ ನಾಣ್ಯವನ್ನೂ ಇಲ್ಲೇ ತೀರ್ಮಾನಿಸಬಹುದು. ಅಚ್ಚಿನ ಅಕ್ಷರದ ಗುಂಡಿಯಲ್ಲಿ ಗ್ರೀಸು, ಲೋಹದ ಪುಡಿ ತುಂಬಿಕೊಂಡರೆ ಅಕ್ಷರ ಮೂಡುವುದಿಲ್ಲ. ಆಗ ಆ ಜಾಗ ಸುತ್ತಲಿನ ಮೈಯಷ್ಟೇ ಸಮವಾಗಿ, ಅದೇ ಹೊಳಪಿನಲ್ಲಿ ಇರುತ್ತದೆ. ಯಾರೋ ಕೆರೆದು ತೆಗೆದಿದ್ದರೆ ಅಲ್ಲೊಂದು ಸಣ್ಣ ಹೊಂಡ, ಒಂದೇ ದಿಕ್ಕಿನ ಗೆರೆಗಳು ಕಾಣುತ್ತವೆ. ಹಾಗಂತ ಗ್ರೀಸಿನ ನಾಣ್ಯ ದೊಡ್ಡ ನಿಧಿಯೇನಲ್ಲ. ಅಂಥವು ಧಾರಾಳ ಸಿಗುತ್ತವೆ.

## ಹಂತ 6: ಪಕ್ಕವನ್ನು ಓದಿ

ಫೋಟೊದಲ್ಲಿ ಯಾರೂ ತೋರಿಸದ ಜಾಗ ಇದು. ಸುಳ್ಳು ಸಿಕ್ಕಿಬೀಳುವುದೂ ಜಾಸ್ತಿ ಇಲ್ಲೇ.

ಬೆರಳಿಗೆ ಸಿಗುವ ದಪ್ಪದ ಭಾಗವನ್ನು ಪಕ್ಕ ಅನ್ನೋಣ, ಮುಖದ ಸುತ್ತ ಎದ್ದ ಸಾಲನ್ನು ದಂಡೆ ಅನ್ನೋಣ. ಪಕ್ಕಕ್ಕೆ ರೂಪ ಕೊಡುವುದು ಕಾಲರ್. ಕಾಲರ್ ಇಲ್ಲದೆ ಹೊಡೆತ ಬಿದ್ದರೆ ಲೋಹ ಹೊರಗೆ ಹರಡಿ ನಾಣ್ಯ ಅಗಲವಾಗುತ್ತದೆ, ತೆಳುವಾಗುತ್ತದೆ, ಪಕ್ಕ ನುಣುಪಾಗಿರುತ್ತದೆ. ತೂಕ ಮಾತ್ರ ಪೂರ್ತಿ ಇರುತ್ತದೆ. ಸುತ್ತಿಗೆಯಿಂದ ಬಡಿದು ಅಗಲ ಮಾಡಿದ ನಾಣ್ಯದ ತೂಕವೂ ಪೂರ್ತಿಯೇ. ಹಾಗಾಗಿ ಅಕ್ಷರ ನೋಡಿ. ಟಂಕಸಾಲೆಯದ್ದರಲ್ಲಿ ಅಕ್ಷರ ಚೂಪಾಗಿ ಎದ್ದು ನಿಂತಿರುತ್ತದೆ. ಬಡಿದದ್ದರಲ್ಲಿ ಅಕ್ಷರದ ತಲೆ ಚಪ್ಪಟೆಯಾಗಿ, ರೊಟ್ಟಿಯಂತೆ ಅಗಲಕ್ಕೆ ಹರಡಿರುತ್ತದೆ. ಪಕ್ಕದಲ್ಲಿ ಮೊದಲಿದ್ದ ಗೆರೆಗಳು ಅಲ್ಲಲ್ಲಿ ಉಳಿದಿರುತ್ತವೆ. ಆ ಗೆರೆ ಉಳಿದಿದ್ದರೆ ಕಾಲರ್ ಇತ್ತು ಅಂತಾಯಿತು. ಕಾಲರ್ ಇದ್ದ ಮೇಲೆ ನಾಣ್ಯ ಹರಡುವುದು ಹೇಗೆ?

ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು ಒಂದೇ ದಿಕ್ಕಿಗೆ ಎಳೆದುಕೊಂಡಿರುತ್ತದೆ. ಅದನ್ನೂ 'ಓವಲ್ ಎರರ್' ಎಂದು ಮಾರುವವರಿದ್ದಾರೆ.

## ಹಂತ 7: ಎರಡೂ ಬದಿಯ ಸಾಕ್ಷಿ ಹೊಂದಬೇಕು

ಒಂದೇ ಹೊಡೆತಕ್ಕೆ ಎರಡೂ ಬದಿ ಮೂಡುತ್ತದೆ ಎಂದೆನಲ್ಲ, ಅದನ್ನು ಈಗ ಬಳಸಿ. ಸಿಂಹದ ಬದಿಯಲ್ಲಿ ತಪ್ಪು ಕಂಡ ಜಾಗಕ್ಕೆ ಸರಿಯಾಗಿ ಹಿಂದೆ, ಸಂಖ್ಯೆಯ ಬದಿಯಲ್ಲಿ ಏನಾಗಿದೆ? ಇದನ್ನು ಒಂದೊಂದೇ ಬಗೆಯಲ್ಲಿ ನೋಡೋಣ.

ಕಚ್ಚಿದಂಥ ನಾಣ್ಯ. ಅಂಚಿನಲ್ಲಿ ಅರ್ಧಚಂದ್ರದ ಕಡಿತ. ನಮ್ಮ ಶಾಪಿನಲ್ಲಿ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಮೊದಲೇ ತೂತಾದ ಜಾಗದ ಮೇಲೆ ಪಂಚ್ ಮತ್ತೆ ಬಿದ್ದು ಇಂಥದ್ದೇ ವಾಷರ್ ಉದುರುತ್ತಿತ್ತು. ಸೂಪರ್‌ವೈಸರ್ ಬೈಗುಳವೂ ಜೊತೆಗೇ ಉದುರುತ್ತಿತ್ತು. ನಾಣ್ಯದ ಬಿಲ್ಲೆಗೂ ಆಗುವುದು ಅದೇ. ಅಂದರೆ ಕಡಿತ ಮೊದಲು, ಚಿತ್ರ ಆಮೇಲೆ. ಹೊಡೆತ ಬಿದ್ದಾಗ ಲೋಹ ಆ ಖಾಲಿ ಜಾಗದ ಕಡೆ ಹರಿಯುತ್ತದೆ. ಹಾಗಾಗಿ ಕಡಿತದ ಹತ್ತಿರದ ಅಕ್ಷರಗಳು ಸ್ವಲ್ಪ ಎಳೆದಂತೆ, ಮಸುಕಾಗಿ ಇರುತ್ತವೆ. ಫೈಲ್ (ಅರ) ಹಾಕಿ ತೆಗೆದಿದ್ದರೆ ಅಕ್ಷರ ಕಡಿತದ ತುದಿಯವರೆಗೂ ಚೊಕ್ಕಟವಾಗಿದ್ದು, ಅಲ್ಲಿ ತಟ್ಟನೆ ತುಂಡಾಗಿರುತ್ತದೆ.

ಇನ್ನೊಂದು ಸಾಕ್ಷಿ ಕಡಿತದ ನೇರ ಎದುರಿಗೆ. ದಂಡೆ ಎಬ್ಬಿಸುವ ಮೆಷಿನ್ನಿನಲ್ಲಿ ಬಿಲ್ಲೆಯನ್ನು ಎರಡೂ ಕಡೆಯಿಂದ ಒತ್ತುತ್ತಾರೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಸಿಗುವುದಿಲ್ಲ. ಅಲ್ಲಿ ದಂಡೆ ಕುಗ್ಗಿರುತ್ತದೆ. ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಅನ್ನುತ್ತಾರೆ. ಇದು ಕಂಡರೆ ಬಲವಾದ ಸಾಕ್ಷಿ. ಕಾಣದಿದ್ದರೆ ಮಾತ್ರ ಕೂಡಲೇ ಸುಳ್ಳು ಎನ್ನಬೇಡಿ, ಸಣ್ಣ ಕಡಿತದಲ್ಲಿ ಇದು ಸ್ಪಷ್ಟವಾಗಿ ಕಾಣುವುದಿಲ್ಲ. ತೂಕ ಎಷ್ಟು ಕಡಿಮೆಯಾಗಬೇಕೋ ಅಷ್ಟಾಗಿದೆಯೇ ನೋಡಿ. ಹತ್ತನೇ ಒಂದು ಭಾಗ ಹೋದಂತೆ ಕಾಣುವ 9 ಗ್ರಾಂ ನಾಣ್ಯ 8.1ರ ಆಸುಪಾಸು ತೂಗಬೇಕು.

ಚಿತ್ರ ಪಕ್ಕಕ್ಕೆ ಸರಿದ ನಾಣ್ಯ. ಬಿಲ್ಲೆ ಕಾಲರಿನೊಳಗೆ ಸರಿಯಾಗಿ ಕೂರದೆ ಹೊಡೆತ ಬಿದ್ದದ್ದು. ಎರಡೂ ಬದಿಯಲ್ಲಿ ಖಾಲಿ ಜಾಗ ಒಂದೇ ಕಡೆ ಇರಬೇಕು, ಒಂದರ ಬೆನ್ನಿಗೆ ಒಂದು. ತೂಕ ಪೂರ್ತಿ ಇರಬೇಕು. ತೂಕ ಕಡಿಮೆಯಿದ್ದು, ಖಾಲಿ ಜಾಗದಲ್ಲಿ ಉಜ್ಜಿದ ಗೆರೆಗಳಿದ್ದರೆ ಗ್ರೈಂಡಿಂಗ್ ಕಲ್ಲಿನ ಕೆಲಸ.

ಒಂದು ಬದಿ ಕನ್ನಡಿಯ ತಗ್ಗುಚಿತ್ರ. ನಾಣ್ಯ ವ್ಯಾಪಾರಿಗಳು 'ಲಾಖಿ' ಅನ್ನುವುದು ಇದನ್ನೇ. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಉಳಿದರೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತದೆ. ಆಗ ಒಂದು ಬದಿ ಸರಿಯಾಗಿ ಮೂಡಿ, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ತಿರುಗುಮುರುಗಾಗಿ ತಗ್ಗಿನಲ್ಲಿ ಬರುತ್ತದೆ. ಇದಕ್ಕೆ ಬೆಲೆ ಇದೆ, ಹಾಗಾಗಿಯೇ ನಕಲೂ ಇದೆ. ನಕಲು ಮಾಡುವವರು ಎರಡು ನಾಣ್ಯವನ್ನು ಜೋಡಿಸಿ ಬೆಂಚ್ ವೈಸ್ ಎಂಬ ಬಿಗಿ ಇಕ್ಕಳದಲ್ಲಿ ಒತ್ತಿ ಬಿಗಿಯುತ್ತಾರೆ.

ವ್ಯತ್ಯಾಸ ಇಲ್ಲಿದೆ. ಬಿಲ್ಲೆ ಕಾಯಿಸಿದ ಮೆದು ಲೋಹ, ಹೊಡೆತ ತಿಂದ ನಾಣ್ಯ ಗಟ್ಟಿ ಲೋಹ. ಗಟ್ಟಿಯಾದ ನಾಣ್ಯ ವೈಸಿನಲ್ಲಿ ಆಳವಾದ ಗುರುತು ತೆಗೆದುಕೊಳ್ಳುವುದಿಲ್ಲ. ಚಿತ್ರದ ಎತ್ತರದ ಭಾಗಗಳು ಮಾತ್ರ ಅಲ್ಲಲ್ಲಿ ಒತ್ತಿಕೊಂಡಿರುತ್ತವೆ, ಮೊದಲಿದ್ದ ಚಿತ್ರ ಅದರಡಿ ಇಣುಕುತ್ತಿರುತ್ತದೆ. ನಾಣ್ಯ ತಿರುಗಿಸಿ ನೋಡಿ. ವೈಸಿನ ಬಾಯಿಗೆ ತಾಗಿದ್ದ ಬದಿಯ ದಂಡೆ, ಅಕ್ಷರಗಳ ತಲೆ ಎಲ್ಲ ಚಪ್ಪಟೆ. ನಿಜವಾದ ಲಾಖಿಯಲ್ಲಿ ಆ ಬದಿ ಹೊಸದರಂತೆ ಚೊಕ್ಕಟ.

ಇದನ್ನು ಕೈಯಾರೆ ಕಲಿಯಬೇಕು ಅನಿಸಿದರೆ ಹಾರ್ಡ್‌ವೇರ್ ಅಂಗಡಿಯಿಂದ ವಾಷರ್ ತಂದು ವೈಸಿನಲ್ಲಿ ಒತ್ತಿ, ಫೈಲ್ ಹಾಕಿ ನೋಡಿ. ನಾಣ್ಯದ ಮೇಲೆ ಪ್ರಯೋಗ ಬೇಡ. ನಾಣ್ಯ ಕರಗಿಸುವುದನ್ನೂ ನಾಶ ಮಾಡುವುದನ್ನೂ 2011ರ ನಾಣ್ಯ ಕಾಯ್ದೆ ಅಪರಾಧ ಎನ್ನುತ್ತದೆ, ಏಳು ವರ್ಷದವರೆಗೆ ಶಿಕ್ಷೆಗೆ ಅವಕಾಶವಿದೆ.

ತೆಳು ನಾಣ್ಯ. ನಾನು ಮೋಸ ಹೋದದ್ದು ಇದರಲ್ಲೇ. ವರ್ಷಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಸಂಡೆ ಬಜಾರಿನಲ್ಲಿ ಗೋಣಿತಾಟಿನ ಮೇಲೆ ನಾಣ್ಯ ಹರಡಿಕೊಂಡಿದ್ದವನೊಬ್ಬ ದಪ್ಪ ಐದು ರೂಪಾಯಿಯನ್ನು ಕೈಗಿಟ್ಟ. 'ಅಣ್ಣ, ಹಿಡಿದು ನೋಡಿ, ಎಷ್ಟು ಹಗುರ! ಟಂಕಸಾಲೇಲಿ ತೆಳು ಬಿಲ್ಲೆ ಬಿದ್ದಿದೆ' ಎಂದ. ಹಗುರವೇನೋ ಹೌದು. ಆರು ನೂರು ಕೊಟ್ಟೆ. ಮನೆಗೆ ಬಂದು ತೂಗಿದರೆ 6.9 ಗ್ರಾಂ. ಖುಷಿಯಾಯಿತು. ಆಮೇಲೆ ವರ್ನಿಯರ್ ಹಿಡಿದೆ. ಅಗಲ 22.3 ಬಂತು. ಅಲ್ಲಿಗೆ ಖುಷಿ ಇಳಿಯಿತು.

ಯಾಕೆಂದರೆ ಬಿಲ್ಲೆ ತೆಳುವಾಗಿದ್ದರೂ ಸುತ್ತಳತೆ ಕೊಡುವುದು ಕಾಲರ್. ತೆಳು ಬಿಲ್ಲೆಯ ನಾಣ್ಯದ ದಪ್ಪ ಕಡಿಮೆಯಾಗುತ್ತದೆ, ಚಿತ್ರ ಮಸುಕಾಗುತ್ತದೆ, ಅಗಲ ಹೀಗೆ ಕುಗ್ಗುವುದಿಲ್ಲ. ಆಸಿಡ್ ಮಾತ್ರ ಎಲ್ಲ ಕಡೆಯಿಂದಲೂ ತಿನ್ನುತ್ತದೆ. ದಪ್ಪವೂ ಹೋಗುತ್ತದೆ, ಅಗಲವೂ ಹೋಗುತ್ತದೆ, ಪಕ್ಕದ ತೋಡು ಅಗಲವಾಗುತ್ತದೆ. ಮೈ ಕಿತ್ತಳೆ ಸಿಪ್ಪೆಯಂತೆ ಸಣ್ಣ ಗುಳಿಗಳಿಂದ ತುಂಬುತ್ತದೆ. ಆ ನಾಣ್ಯ ಈಗಲೂ ನನ್ನ ಡಬ್ಬದಲ್ಲಿದೆ, ಹೊಸಬರಿಗೆ ತೋರಿಸಲು. ತೂಕ ಒಂದನ್ನೇ ನಂಬಬಾರದು, ಜೊತೆಗೆ ಅಗಲವನ್ನೂ ಅಳೆಯಿರಿ.

ನದಿಯಿಂದ ತೆಗೆದ ನಾಣ್ಯದ ಮೈ ಕೂಡ ಹೀಗೇ ತಿಂದುಹೋಗಿರಬಹುದು. ಶ್ರೀರಂಗಪಟ್ಟಣ ದಾಟುವಾಗ ರೈಲಿನಿಂದ ಕಾವೇರಿಗೆ ಕಾಸು ಎಸೆದವರು ಎಷ್ಟು ಜನ! ಅದರಲ್ಲಿ ಮೋಸ ಇಲ್ಲ, ಎರರ್ರೂ ಇಲ್ಲ.

ಹತ್ತು ರೂಪಾಯಿಯ ತಿರುಗಿದ ನಡುಬಿಲ್ಲೆ. ನಡುವಿನ ಬಿಳಿ ಬಿಲ್ಲೆ, ಹೊರಗಿನ ಹಳದಿ ಬಳೆ ಎರಡನ್ನೂ ಜೋಡಿಸಿ ಒಂದೇ ಹೊಡೆತ ಹೊಡೆಯುತ್ತಾರೆ. ಬಳೆಯ ಮೇಲಿನ 'ಭಾರತ'ಕ್ಕೂ ನಡುವಿನ ಸಿಂಹಕ್ಕೂ ಒಂದೇ ಅಚ್ಚು. ಹಾಗಾಗಿ ಒಂದೇ ಬದಿಯಲ್ಲಿ ಸಿಂಹ ವಾಲಿ, ಬಳೆಯ ಅಕ್ಷರ ನೆಟ್ಟಗಿದ್ದರೆ ಅದು ಯಾರೋ ನಡುಬಿಲ್ಲೆ ಕಳಚಿ ತಿರುಗಿಸಿ ಕೂರಿಸಿದ್ದು. ಟಂಕಸಾಲೆಯಲ್ಲಿ ಅದು ಸಾಧ್ಯವೇ ಇಲ್ಲ.

ನಡುಬಿಲ್ಲೆ ಇಲ್ಲದ ಬರೀ ಬಳೆ ಸಿಕ್ಕರೆ ಒಳ ಅಂಚು ನೋಡಿ. ನಿಜವಾಗಿ ಬಿಲ್ಲೆಯಿಲ್ಲದೆ ಹೊಡೆದಿದ್ದರೆ ಲೋಹ ಒಳಕ್ಕೆ ಹರಿದು ಒಳ ಅಂಚು ಉರುಟಾಗಿರುತ್ತದೆ. ಆಮೇಲೆ ಬಡಿದು ತೆಗೆದಿದ್ದರೆ ಬಿಲ್ಲೆ ಕಚ್ಚಿಕೊಂಡಿದ್ದ ಗುರುತು ಹಾಗೇ ಉಳಿದಿರುತ್ತದೆ.

ಒಂದು ಬದಿಗೆ ಇನ್ನೊಂದು ಬದಿ ವಾಲಿದ್ದು. ನಮ್ಮ ನಾಣ್ಯವನ್ನು ನೆಟ್ಟಗೆ ಹಿಡಿದು ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ತಿರುಗಿಸಿದರೆ ಹಿಂದಿನ ಚಿತ್ರವೂ ನೆಟ್ಟಗೇ ಇರಬೇಕು. ವಾಲಿದ್ದರೆ ಅಚ್ಚು ಸಡಿಲಾಗಿ ತಿರುಗಿದೆ ಅಂತ. ಇದನ್ನು ಹೊರಗೆ ಮಾಡುವುದು ಕಷ್ಟ, ಹಾಗಾಗಿ ಸಾಮಾನ್ಯವಾಗಿ ನಿಜವಾದ ಎರರ್ರೇ. ಆದರೆ ಹತ್ತು ಹದಿನೈದು ಡಿಗ್ರಿ ವಾಲಿದ್ದಕ್ಕೆ ಯಾರೂ ಜಾಸ್ತಿ ಕೊಡುವುದಿಲ್ಲ. ಅಮೆರಿಕದ ನಾಣ್ಯಗಳಲ್ಲಿ ಹಿಂಬದಿ ತಲೆಕೆಳಗಾಗಿರುವುದೇ ಕ್ರಮ, ಅದನ್ನು ಹಿಡಿದುಕೊಂಡು ಓಡಿಬರಬೇಡಿ.

ಎರಡೂ ಕಡೆ ಸಿಂಹ. ದಂಡೆಯ ಒಳಗಡೆ ಲೂಪಿನಲ್ಲಿ ಸುತ್ತ ನೋಡಿ. ಕೂದಲಿನಷ್ಟು ತೆಳುವಾದ ಕೂಡುಗೆರೆ ಕಂಡರೆ ಜಾದೂಗಾರರ ನಾಣ್ಯ. ಎರಡು ನಾಣ್ಯ ಕೊರೆದು ಒಂದರೊಳಗೆ ಒಂದು ಕೂರಿಸಿದ್ದು. ಗ್ರಾನೈಟ್ ಕಟ್ಟೆಯ ಮೇಲೆ ಬೀಳಿಸಿದರೆ ಠಣ್ ಎನ್ನದೆ ಡಬ್ ಎನ್ನುತ್ತದೆ.

ಏನೂ ಮೂಡದ ಬಿಲ್ಲೆ. ತೂಕ ಪೂರ್ತಿ ಇದೆಯೇ, ಮೈ ಮೇಲೆ ಉಜ್ಜಿದ ಗೆರೆ ಇಲ್ಲವೇ, ಇವೆರಡು ನೋಡಿ ಸಾಕು. ಓರೆ ಬೆಳಕಿನಲ್ಲಿ ಹಳೆಯ ಅಕ್ಷರದ ನೆರಳು ಕಂಡರೆ ಅದು ಉಜ್ಜಿದ್ದೇ.

## ಹಂತ 8: ದುಡ್ಡು ಕೊಡುವ ಮುಂಚೆ

ಮಾರುವವರು ಪಕ್ಕದ ಫೋಟೊ ಕೊಡದಿದ್ದರೆ, ತೂಕ ಹೇಳದಿದ್ದರೆ, 'ಇವತ್ತೇ ತಗೊಳ್ಳಿ, ಇನ್ನೊಬ್ಬರು ಕೇಳಿದಾರೆ' ಅಂದರೆ ಎದ್ದು ಬನ್ನಿ. ಒಬ್ಬನ ಹತ್ತಿರ ಒಂದೇ ಬಗೆಯ ದೊಡ್ಡ ಎರರ್ ಹತ್ತಾರು ಇದ್ದರೂ ಎದ್ದು ಬನ್ನಿ. ಅಷ್ಟೆಲ್ಲ ಒಂದೇ ಕಡೆ ಬರುವುದು ಟಂಕಸಾಲೆಯಿಂದಲ್ಲ, ವರ್ಕ್‌ಶಾಪಿನಿಂದ.

ಬಜಾರಿಗೆ ಹೋಗುವಾಗ ಲೂಪ್ ಮತ್ತು ಪುಟ್ಟ ತೂಕದ ಯಂತ್ರ ಜೇಬಿನಲ್ಲಿರಲಿ. ವ್ಯಾಪಾರಿಯ ಮುಂದೆಯೇ ತೂಗಿ. ಒಳ್ಳೆ ವ್ಯಾಪಾರಿ ಬೇಸರ ಮಾಡಿಕೊಳ್ಳುವುದಿಲ್ಲ. ನಗರದಲ್ಲಿ ಆಗಾಗ ನಾಣ್ಯ ಪ್ರದರ್ಶನ ನಡೆಯುತ್ತದೆ. ಅಲ್ಲಿ ಹತ್ತಾರು ವರ್ಷ ಸಂಗ್ರಹಿಸಿದ ಹಿರಿಯರು ಸಿಗುತ್ತಾರೆ. 'ಇದಕ್ಕೆಷ್ಟು ಬರುತ್ತೆ ಸಾರ್?' ಎಂದು ಶುರು ಮಾಡಿದರೆ ಅರ್ಧ ಜನ ಮುಖ ತಿರುಗಿಸುತ್ತಾರೆ. 'ಇದು ಹೇಗೆ ಆಗಿರಬಹುದು?' ಎಂದು ಕೇಳಿ, ಕೂರಿಸಿ ಹೇಳಿಕೊಡುತ್ತಾರೆ.

ನೀವು ಮಾರುವವರಾದರೆ ಇನ್ನೊಂದು ಎಚ್ಚರಿಕೆ. 'ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ' ಎಂಬ ಕರೆ ಬಂದರೆ ಫೋನ್ ಇಡಿ. ಹಳೆಯ ನೋಟು, ನಾಣ್ಯದ ವ್ಯವಹಾರಕ್ಕೆ ತನ್ನ ಹೆಸರಿನಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಅಂಥ ವ್ಯವಹಾರವನ್ನು ತಾನು ಮಾಡುವುದಿಲ್ಲ ಎಂದೂ ಹೇಳಿದೆ. ಹಾಗಾಗಿ ಬೆಲೆ ಕೇಳಲು ನೃಪತುಂಗ ರಸ್ತೆಯ ಅದರ ಕಚೇರಿಗೆ ಹೋಗಿ ಉಪಯೋಗವಿಲ್ಲ.

## ಹಂತ 9: ತೀರ್ಮಾನ ಆಗದ ನಾಣ್ಯ

ಎಲ್ಲ ಮಾಡಿದ ಮೇಲೂ ಕೆಲವು ನಾಣ್ಯ ಬಾಯಿ ಬಿಡುವುದಿಲ್ಲ. ಅದನ್ನು ಬಲವಂತವಾಗಿ ಎರರ್ ಪಟ್ಟಿಗೆ ಸೇರಿಸಬೇಡಿ. ಸಣ್ಣ ಚೀಟಿಯಲ್ಲಿ ತೂಕ, ಅಗಲ, ಅಯಸ್ಕಾಂತದ ಫಲ, ನೋಡಿದ ತಾರೀಖು ಬರೆಯಿರಿ. 'ಉಬ್ಬು', 'ತಗ್ಗು', 'ಪಕ್ಕದ ಗೆರೆ ಇದೆ' ಎಂದು ಕಂಡದ್ದನ್ನಷ್ಟೇ ಬರೆಯಿರಿ, ಅನಿಸಿದ್ದನ್ನಲ್ಲ. ನಾಣ್ಯವನ್ನು ಕಾಗದದ ಲಕೋಟೆಯಲ್ಲಿಟ್ಟು ಒಣಗಿದ ಜಾಗದಲ್ಲಿಡಿ. ಮೆತ್ತನೆಯ, ಪ್ಲಾಸ್ಟಿಕ್ ವಾಸನೆ ಬರುವ ಪಿವಿಸಿ ಕವರ್ ಬೇಡ. ಕಾಲ ಕಳೆದಂತೆ ತಾಮ್ರ ಬೆರೆತ ನಾಣ್ಯಕ್ಕೆ ಹಸಿರು ಜಿಗುಟು ಹಿಡಿಯುತ್ತದೆ, ಆಮೇಲೆ ಒಳ್ಳೆ ಎರರ್ರೂ ಕೆಟ್ಟ ನಾಣ್ಯವೇ. ಒಂದೆರಡು ತಿಂಗಳು ಬಿಟ್ಟು, ಅಷ್ಟರಲ್ಲಿ ಇನ್ನೂ ಹತ್ತಾರು ನಾಣ್ಯ ನೋಡಿದ ಮೇಲೆ, ಚೀಟಿ ಓದದೆ ಮತ್ತೆ ಹಂತ 3ರಿಂದ ಶುರು ಮಾಡಿ. ಆಮೇಲೆ ಎರಡೂ ಸಲದ ಬರಹ ಪಕ್ಕಪಕ್ಕ ಇಟ್ಟು ನೋಡಿ.